ಚಹಾ ಒಲ್ಲೆ ಎಂದ ಇನ್‌ಸ್ಪೆಕ್ಟರ್

ನಾನು ಮೊದಲು ನೋಡಿದ ಹಳೆಯ ಬ್ರಿಟಿಷ್ ಸಿನಿಮಾದಲ್ಲಿ ಇದ್ದದ್ದು ಒಂದೇ ಒಂದು ಏಟು. ಕಪ್ಪು ಬಿಳುಪು ಚಿತ್ರ. ಊಟದ ಮೇಜಿನ ಮುಂದೆ ಹೆಂಡತಿ ಏನೋ ಅನ್ನುತ್ತಾಳೆ. ಗಂಡ ಎದ್ದು, ಮೇಜು ಸುತ್ತಿ ಹೋಗಿ, ಅವಳ ಕೆನ್ನೆಗೆ ಬಾರಿಸುತ್ತಾನೆ. ಆಮೇಲೆ ಕರವಸ್ತ್ರದಿಂದ ಕೈ ಒರೆಸಿಕೊಂಡು ತನ್ನ ಕುರ್ಚಿಗೆ ಬಂದು ಕೂರುತ್ತಾನೆ. ಉಳಿದ ಒಂದೂಕಾಲು ಗಂಟೆ ಆ ಏಟಿನದೇ ಕಥೆ. ಅಡುಗೆಯವಳು ಆ ಕೆನ್ನೆ ನೋಡಿ ಕಣ್ಣು ತಗ್ಗಿಸುತ್ತಾಳೆ. ಪಕ್ಕದ ಮನೆಯವಳು ಬೇಲಿಯ ಹತ್ತಿರ ನಿಂತು ಹವಾಮಾನದ ಮಾತಾಡುತ್ತಾಳೆ, ಕಣ್ಣು ಮಾತ್ರ ಕೆನ್ನೆಯ ಮೇಲೆ. ಕೊನೆಗೆ ಹೆಂಡತಿ ಟೋಪಿ ಹಾಕಿಕೊಂಡು, ಪೆಟ್ಟಿಗೆ ಹಿಡಿದು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋಗಿಬಿಡುತ್ತಾಳೆ.

ಆಳಂದದಲ್ಲಿ ಕಾಲೇಜು ಓದುವಾಗ ನೋಡಿದ್ದು ಅದು. ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು, ಅಮೆರಿಕದವರು ಮಾತನ್ನು ಅಗಿದು ನುಂಗುತ್ತಾರೆ, ಇಂಗ್ಲೆಂಡಿನ ಹಳೆಯ ಚಿತ್ರ ನೋಡಿ, ಒಂದೊಂದು ಅಕ್ಷರ ಬಿಡಿಸಿ ಆಡುತ್ತಾರೆ ಎಂದಿದ್ದರು. ಅಕ್ಷರ ಕಲಿಯಲು ಕೂತವಳು ನಾನು. ಎದ್ದಾಗ ಮೈಯೆಲ್ಲ ಸಿಟ್ಟು. ಒಂದು ಕೆನ್ನೆಗೆ ಇಷ್ಟು ಮರ್ಯಾದೆಯೇ? ನಿಜ ಹೇಳುತ್ತೇನೆ, ಆ ಏಟು ತಿಂದವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನಾನು ಹುಟ್ಟಿ ಬೆಳೆದದ್ದು ಖಜೂರಿಯಲ್ಲಿ, ಲಾರಿ ಓಡಿಸುವವನ ಮನೆಯಲ್ಲಿ. ಅಪ್ಪನ ಲಾರಿ ಗಡಿ ದಾಟಿ ಊರ ಕಡೆ ತಿರುಗಿತು ಎಂಬ ಸುದ್ದಿ ಬಂದರೆ ಅವ್ವ ಹಳೆಯ ಸೀರೆಯ ಚೂರು ಹರಿದು ಎರಡೂ ಕೈಯ ಬಳೆಗಳ ಮೇಲೆ ಸುತ್ತಿಕೊಳ್ಳುತ್ತಿದ್ದಳು. ಮುತ್ತೈದೆ ಬಳೆ ತೆಗೆಯುವಂತಿಲ್ಲ. ಗಾಜು ಒಡೆದು ಮಾಂಸದಲ್ಲಿ ಕೂತರೆ ಕೀವಾಗುತ್ತದೆ. ಅದಕ್ಕೇ ಬಟ್ಟೆ. ನಾನು ತುಂಬ ದಿನ ಅದನ್ನು ಲಾರಿಯವರ ಹೆಂಡಂದಿರ ಏನೋ ಒಂದು ಪದ್ಧತಿ ಎಂದೇ ತಿಳಿದಿದ್ದೆ. ಅಪ್ಪ ಹಗ್ಗ ಬಿಗಿಯುವ ಸಲಾಕೆಯಿಂದ ಹೊಡೆಯುತ್ತಿದ್ದ, ಬೆಲ್ಟಿನಿಂದ ಹೊಡೆಯುತ್ತಿದ್ದ, ಏನೂ ಸಿಗದಿದ್ದರೆ ಅವ್ವನ ತಲೆಯನ್ನೇ ಗೋಡೆಗೆ ಹೊಡೆಯುತ್ತಿದ್ದ. ಬೆಳಗಿನ ಚಹಾಕ್ಕೆ ಮೊದಲು ಹತ್ತು ಏಟು ಬಿದ್ದರೂ ಯಾರೂ ಅದಕ್ಕೆ ಒಂದು ನಿಮಿಷ ಕೊಟ್ಟವರಲ್ಲ. ಅವ್ವ ಎದ್ದು ಹಿಟ್ಟು ನಾದುತ್ತಿದ್ದಳು, ನಾನು ರಕ್ತ ಬಿದ್ದಲ್ಲಿ ಸಗಣಿ ಸಾರಿಸಿ ಶಾಲೆಗೆ ಹೋಗುತ್ತಿದ್ದೆ.

ನಮ್ಮ ಸಿನಿಮಾಗಳಲ್ಲೂ ಹೊಡೆದಾಟ ಬೇಕಾದಷ್ಟಿದೆ. ನಾಯಕ ಒಂದು ಹಾಡು ಮುಗಿಸಿ ಇನ್ನೊಂದು ಹಾಡು ಶುರು ಮಾಡುವುದರೊಳಗೆ ಇಪ್ಪತ್ತು ಜನರನ್ನು ಎತ್ತಿ ಒಗೆಯುತ್ತಾನೆ. ಅವರಲ್ಲಿ ಒಬ್ಬನಾದರೂ ಮರುದಿನ ಬೆಳಿಗ್ಗೆ ಮೈ ನೋವಿನಿಂದ ನರಳಿದ್ದನ್ನು ನಾನು ಕಂಡಿಲ್ಲ. ಆ ಹಳೆಯ ಬ್ರಿಟಿಷ್ ಚಿತ್ರಗಳಲ್ಲಿ ಕೊಲೆಯೂ ಬಾಗಿಲ ಹಿಂದೆಯೇ ಆಗುತ್ತದೆ. ಮುಚ್ಚಿದ ಬಾಗಿಲು, ಒಲೆಯ ಮೇಲೆ ಕೂಗುವ ಕೆಟಲ್, ಆಮೇಲೆ ಕೈ ತೊಳೆಯುವ ನೀರಿನ ಸದ್ದು. ಆದರೆ ಅದರ ನೋವು ಕೊನೆಯ ದೃಶ್ಯದವರೆಗೂ ಇರುತ್ತದೆ. ಅವತ್ತಿನಿಂದ ಆ ಚಿತ್ರಗಳ ಹುಚ್ಚು ಹಿಡಿಯಿತು ನನಗೆ.

ಇದನ್ನು ಓದಿ ನನ್ನನ್ನು ಪಾಪದವಳು ಎಂದುಕೊಳ್ಳಬೇಡಿ. ನಾನೂ ಹೊಡೆಯುವವಳೇ. ಅಪ್ಪನ ಕೈಯೇ ನನಗೆ ಬಂದದ್ದು, ಮಾತಿಗಿಂತ ಮೊದಲು ಏಳುವ ಕೈ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಹಿಡಿದ ಹೊಸದರಲ್ಲಿ ಒಂದು ಹುಡುಗಿಗೆ ಮರದ ಸ್ಕೇಲಿನಿಂದ ಬೆರಳ ಗಂಟಿನ ಮೇಲೆ ಹೊಡೆದೆ. ಯಾಕೆ ಎಂಬುದೂ ಈಗ ನೆನಪಿಲ್ಲ. ಮರುದಿನ ಬೋರ್ಡಿನ ಮೇಲೆ ಬರೆಯಲೆಂದು ಕೈ ಎತ್ತಿದರೆ ಆ ಹುಡುಗಿ ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಎರಡೂ ಕೈ ಅಡ್ಡ ಹಿಡಿದಳು. ಕೈಯಲ್ಲಿದ್ದದ್ದು ಸೀಮೆಸುಣ್ಣ. ಸ್ಕೇಲನ್ನು ಅವತ್ತೇ ಮುರಿದು ಹಾಕಿದೆ. ಕೈ ಮಾತ್ರ ಇದ್ದೇ ಇತ್ತು.

ಮದುವೆಯಾಗಿ ಬಂದದ್ದು ಜೇವರ್ಗಿಗೆ. ಹೊಲ ಇರುವ ಮನೆ, ಇಬ್ಬರು ಅಣ್ಣತಮ್ಮಂದಿರು. ಕಿರಿಯವರು ನನ್ನ ಗಂಡ, ಬೀಜ ಗೊಬ್ಬರದ ಅಂಗಡಿ ಇಟ್ಟವರು, ಜೋರು ದನಿ ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವ ಸ್ವಭಾವ. ಹಿರಿಯವನು ನನ್ನ ಭಾವ, ಹೊಲ ನೋಡಿಕೊಳ್ಳುವವನು. ಭಾವನಿಗೆ ಮರ್ಯಾದೆ ಕೊಟ್ಟು ಬರೆಯಬೇಕು, ಗೊತ್ತು. ಮನಸ್ಸು ಒಪ್ಪುವುದಿಲ್ಲ. ಅವನ ಹೆಂಡತಿ, ನನ್ನ ನೆಗೆಣ್ಣಿ, ಅಫಜಲಪುರದವಳು. ಸಣ್ಣ ದನಿ, ಉದ್ದ ಜಡೆ, ರೊಟ್ಟಿ ಬಡಿಯುವಾಗ ಬಾಯಲ್ಲೇ ಏನೋ ಹಾಡಿಕೊಳ್ಳುವವಳು. ಭಾವ ಅವಳನ್ನು ಹೊಡೆಯುತ್ತಿದ್ದ. ವಾರಕ್ಕೊಮ್ಮೆ ಎನ್ನುವಂತಿಲ್ಲ, ಅದಕ್ಕೊಂದು ಲೆಕ್ಕವಿರಲಿಲ್ಲ. ಮನೆಯ ಹಿರಿಯರೆಂದರೆ ಅತ್ತೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಅತ್ತೆಯ ತವರು ನರೋಣಾ. ಎತ್ತರದ ಹೆಂಗಸು, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವವರಲ್ಲ. ಹಣೆಯ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಮುಂದಿನ ಎರಡು ಹಲ್ಲು ಇರಲಿಲ್ಲ. ಇಂಗ್ಲಿಷಿನ ಒಂದು ಅಕ್ಷರ ಬಾರದ ಈ ಹೆಂಗಸು ನನ್ನ ಸಿನಿಮಾ ಜೊತೆಗಾತಿ ಆದದ್ದು ಹೇಗೆ ಎಂದರೆ, ಶನಿವಾರ ಶಾಲೆ ಅರ್ಧ ದಿನ. ಊಟ ಮಾಡಿ, ಪಡಸಾಲೆಯ ಟಿವಿಗೆ ಫೋನು ಜೋಡಿಸಿ ನಾನು ಒಂದು ಹಳೆಯ ಚಿತ್ರ ಹಾಕುತ್ತಿದ್ದೆ. ಅತ್ತೆ ಮೊರದಲ್ಲಿ ತೊಗರಿಬೇಳೆ ಹಿಡಿದು ಕಲ್ಲು ಆರಿಸುತ್ತ ಕಂಬಕ್ಕೆ ಒರಗುತ್ತಿದ್ದರು. ಮೊದಮೊದಲು ಬೇಳೆಯ ಮೇಲೇ ಕಣ್ಣು. ಒಂದು ದಿನ ಕೊಲೆಯ ಸಿನಿಮಾ ನಡೆದಿತ್ತು. ಕೊಂದವನು ಯಾರು ಎಂದು ಅದರ ಪೊಲೀಸರಿಗಿಂತ ಮೊದಲೇ ಅತ್ತೆ ಹೇಳಿಬಿಟ್ಟರು.

"ಹೆಂಗ್ ಗೊತ್ತಾತ್ರಿ ಅತ್ತಿ ನಿಮಗ?"

"ಅಂವ ಹೆಂಡ್ತಿಗಿ ಬಾಗಲಾ ತಗದು ಕೊಡೂದು ನೋಡಿದಿಲ್ಲೇನು? ಹಂಗ ನಯಾ ಮಾಡಾವ್ರು ಮನಿಯಾಗ ಹಲ್ಲ ಮುರೀತಾರ."

ಅವತ್ತಿನಿಂದ ಶನಿವಾರ ಎಂದರೆ ಇಬ್ಬರಿಗೂ ಸಿನಿಮಾ. ನಾನು ಮಾತಿನ ಅರ್ಥ ಹೇಳುತ್ತಿದ್ದೆ, ಅವರು ಮುಖಗಳ ಅರ್ಥ ಹೇಳುತ್ತಿದ್ದರು. ಆ ಮುಖಗಳಿಗೇ ನಾವು ಮಾರುಹೋದದ್ದು. ಎಷ್ಟು ಕೋಪ ಬಂದರೂ ದನಿ ಏರುವುದಿಲ್ಲ. ದವಡೆಯ ಒಂದು ನರ ಎದ್ದು ಕೂರುತ್ತದೆ, ಕೋಟಿನ ಗುಂಡಿ ಹಾಕುವ ಬೆರಳು ನಡುಗುತ್ತದೆ. ಕೂಗದೆ ಸಿಟ್ಟಾಗಬಹುದು ಎಂಬುದೇ ನನಗೆ ಹೊಸ ಸಂಗತಿ. ಅತ್ತೆಗೆ ಇಷ್ಟವಾದದ್ದು ಬೇರೆ. ಆ ಕಾಲದ ಚಿತ್ರಗಳಲ್ಲಿ ಕೊಂದವನು ತಪ್ಪಿಸಿಕೊಳ್ಳುವುದಿಲ್ಲ, ಎಷ್ಟೇ ಸಂಭಾವಿತನಾಗಿರಲಿ ಕೊನೆಗೆ ಸಿಕ್ಕೇ ಸಿಗುತ್ತಾನೆ. ನ್ಯಾಯಾಧೀಶನ ತಲೆಯ ಮೇಲೆ ಒಂದು ಕರಿಬಟ್ಟೆ ಇಟ್ಟರು ಎಂದರೆ ಗಲ್ಲು ಶಿಕ್ಷೆ. ಇದನ್ನು ಒಂದು ಸಲ ಹೇಳಿದ್ದೇ ಸಾಕಾಯಿತು. ಆಮೇಲೆ ಪ್ರತಿ ಚಿತ್ರದ ಮೊದಲ ಹತ್ತು ನಿಮಿಷದಲ್ಲೇ ಪ್ರಶ್ನೆ:

"ಇಂವಗ ಫಾಸಿ ಆಗ್ತದಿಲ್ಲೋ?"

"ಆಗ್ತದ್ರಿ, ತಡೀರಿ."

"ಆಗ್ಲಿಲ್ಲಂದ್ರ ನೋಡಂಗಿಲ್ಲ ನಾ. ಮೊದಲ ಹೇಳಿಬಿಡು."

ಕರಿಬಟ್ಟೆ ಬರುವ ಹೊತ್ತಿಗೆ ಅವರ ಮೊರ ನಿಂತುಬಿಡುತ್ತಿತ್ತು. ಬಾಯಿ ತುಸು ತೆರೆದು, ಹಲ್ಲಿಲ್ಲದ ಜಾಗದಲ್ಲಿ ನಾಲಿಗೆಯ ತುದಿ ಆಡುತ್ತಿತ್ತು. ಆ ಹಲ್ಲಿನ ಕಥೆಯನ್ನೂ ಅಂಥದ್ದೇ ಒಂದು ಶನಿವಾರ ಹೇಳಿದರು. ಸಂತೆಯಿಂದ ಬಂದ ಮಾವನಿಗೆ ನೀರು ಕೊಡುವುದು ತಡವಾಯಿತಂತೆ. ಆ ನೀರಿನ ತಂಬಿಗೆಯಿಂದಲೇ ಬಾಯಿಗೆ ಅಪ್ಪಳಿಸಿದರಂತೆ. ಹಿತ್ತಾಳೆಯ ಆ ತಂಬಿಗೆ ನಮ್ಮ ಮನೆಯಲ್ಲಿ ಈಗಲೂ ಇದೆ, ಅಂಚಿನಲ್ಲಿ ಒಂದು ತಗ್ಗು.

"ಆಮ್ಯಾಲ ಏನ್ ಮಾಡಿದ್ರಿ?"

"ಏನ್ ಮಾಡೂದು? ನ್ಯಾಯಾ ಕೂತ್ರು. ಚಾ ಕುಡದ್ವಿ. ನಾಕ ಸಲಾ ಕುಡದೀನಿ ಹಂಗ. ಆ ಸಲಾ ಭಾಳ ಸುಡ್ತು, ವಸಡಿಗಿ."

ನಮ್ಮ ಮನೆತನದ ಈ ಪದ್ಧತಿಯನ್ನು ಹೇಳಲೇಬೇಕು. ಗಂಡ ಹೆಂಡತಿಯ ತಂಟೆ ಹೊರಗೆ ಕೇಳುವಷ್ಟು ಬೆಳೆದರೆ ಎರಡೂ ಕಡೆಯ ಹಿರಿಯರು ಬಂದು ಪಡಸಾಲೆಯ ಜಮಖಾನದ ಮೇಲೆ ನ್ಯಾಯಕ್ಕೆ ಕೂರುತ್ತಾರೆ. ಹೆಂಗಸರು ಒಳಬಾಗಿಲಲ್ಲಿ. ಮಾತು ಮುಗಿದ ಮೇಲೆ ಚಹಾ ಬರುತ್ತದೆ. ಮನೆಗೆ ಹಿರಿಯರಾದವರು ಮೊದಲ ಗುಟುಕು ಕುಡಿದರೆ ಉಳಿದವರೂ ಕುಡಿಯುತ್ತಾರೆ. ಚಹಾ ಕುಡಿದರು ಎಂದರೆ ಮುಗಿಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ, ಏಟು ತಿಂದವಳೂ ಎತ್ತುವಂತಿಲ್ಲ. ಆ ಚಹಾ ಮಾಡುವವಳೂ ಸಾಮಾನ್ಯವಾಗಿ ಅವಳೇ. ಹಲ್ಲು ಮುರಿದ ವಾರ ಅತ್ತೆ ತಾವೇ ಒಲೆ ಊದಿ, ಸೋಸಿ, ಏಳು ಜನರಿಗೆ ಕೊಟ್ಟಿದ್ದರಂತೆ.

ಹೀಗಿರುವಾಗ ಒಂದು ಶನಿವಾರ ನಾವು ಕೊಡೆ ಅಂಗಡಿಯವನ ಸಿನಿಮಾ ನೋಡಿದೆವು. ಅದರ ಹೆಸರು ನಾನು ಗಮನಿಸಲೇ ಇಲ್ಲ. ಸಮುದ್ರ ದಂಡೆಯ ಊರು, ಬಿಡದೆ ಸುರಿಯುವ ಮಳೆ, ಕೊಡೆ ಮಾರುವ ಒಬ್ಬ ನಯವಾದ ಗಂಡಸು. ಹೆಂಡತಿಯ ಮುಖದ ಮೇಲೆ ದಿಂಬು ಒತ್ತಿ ಕೊಂದು, ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಗಿರಾಕಿಗಳಿಗೆ ಬಿಲ್ಲು ಬರೆಯುತ್ತಾನೆ. ಅರ್ಧ ಸಿನಿಮಾ ಆದ ಮೇಲೆ ಇನ್‌ಸ್ಪೆಕ್ಟರ್ ಬರುತ್ತಾನೆ. ತೊಯ್ದ ಟೋಪಿ ಕೈಯಲ್ಲಿ. ಕೊಡೆಯವನು ಕೂರಿಸಿ, ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ಬಗ್ಗಿಸಿ ಮುಂದೆ ಹಿಡಿಯುತ್ತಾನೆ. ಇನ್‌ಸ್ಪೆಕ್ಟರ್ ಕಪ್ಪನ್ನು ನೋಡುತ್ತಾನೆ, ಅವನನ್ನು ನೋಡುತ್ತಾನೆ, ಬೇಡ ಎಂದು ತಲೆಯಾಡಿಸುತ್ತಾನೆ.

ಅತ್ತೆ ಮೊರ ಕೆಳಗಿಟ್ಟರು.

"ಯಾಕ್ ಒಲ್ಲೆ ಅಂದ ಅಂವ?"

ಇನ್‌ಸ್ಪೆಕ್ಟರ್ ಹೇಳಿದ್ದು, ಈಗಷ್ಟೇ ಕುಡಿದು ಬಂದೆ, ಇಷ್ಟೇ. ಆದರೆ ನನಗೆ ಅವತ್ತು ಹಿಂದಿನ ದಿನದ ಸಿಟ್ಟು ಇನ್ನೂ ಆರಿರಲಿಲ್ಲ. ಭಾವ ನೆಗೆಣ್ಣಿಯನ್ನು ಜಡೆ ಹಿಡಿದು ದನದ ಕೊಟ್ಟಿಗೆಯವರೆಗೆ ಎಳೆದಿದ್ದ. ಅತ್ತೆ ನೋಡುತ್ತ ಕೂತಿದ್ದರು. ಆ ಕೂತದ್ದರ ಮೇಲೂ ನನಗೆ ಸಿಟ್ಟಿತ್ತು. ಅದಕ್ಕೇ ಬೇಕೆಂತಲೇ ಸುಳ್ಳು ಹೇಳಿದೆ.

"ಕುಡದ್ರ ಹಿಡೀಲಿಕ್ಕ ಬರಂಗಿಲ್ಲಲ್ರಿ. ತಪ್ಪ ಮಾಡಿದಾವನ ಮನ್ಯಾಗ ಚಾ ಕುಡದ ಮ್ಯಾಲ ಮುಗೀತು. ಅದಕ್ಕ ಒಲ್ಲೆ ಅಂದ."

ಅತ್ತೆ, "ಹಿಂದಕ ಹಾಕು, ಇನ್ನೊಮ್ಮೆ ನೋಡ್ತೀನಿ" ಎಂದರು. ಹಿಂದಕ್ಕೆ ಹಾಕಿದೆ. ಕಪ್ಪು ಬಂತು, ತಲೆ ಆಡಿತು. ಆ ಸಂಜೆಯೊಳಗೆ ಅದನ್ನು ಮೂರು ಸಲ ನೋಡಿದರು.

ತೊಗರಿ ರಾಶಿಯ ದಿನಗಳು ಬಂದವು. ನೆಗೆಣ್ಣಿ ತಂಗಿಯ ಸೀಮಂತಕ್ಕೆಂದು ಅಫಜಲಪುರಕ್ಕೆ ಹೋದವಳು ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ಬಂದಳು. ತಪ್ಪು ಅಷ್ಟೇ. ನಾನು ಶಾಲೆಯಿಂದ ಬಂದು ಅಂಗಳದ ಬಾಗಿಲು ನೂಕಿದಾಗ ಭಾವನ ಕೈಯಲ್ಲಿ ಸಲಿಕೆ ಇತ್ತು. ಹಿಡಿಕೆಯ ಕಡೆಯಿಂದ ಹೊಡೆಯುತ್ತಿದ್ದ. ನೆಗೆಣ್ಣಿ ತುಳಸಿಕಟ್ಟೆಯ ಬದಿಯಲ್ಲಿ ಬಿದ್ದಿದ್ದಳು, ಒಂದು ಕಿವಿಯ ಓಲೆ ಹರಿದುಬಂದು ಕುತ್ತಿಗೆಯೆಲ್ಲ ಕೆಂಪು. ಎಡಗೈ ಮೊಣಕೈಯಿಂದ ಕೆಳಗೆ ಯಾವ ಕೈಯೂ ತಿರುಗದ ಕಡೆ ತಿರುಗಿತ್ತು. ಅವಳು ಕೂಗುತ್ತಿರಲಿಲ್ಲ. ಪ್ರತಿ ಏಟಿಗೂ ಗಂಟಲಿನಿಂದ ಒಂದು ಸಣ್ಣ ಉಸಿರು ಬರುತ್ತಿತ್ತು, ಅಷ್ಟೇ. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ, ಮೊರ ತೊಡೆಯ ಮೇಲಿಟ್ಟುಕೊಂಡು, ಕೂತೇ ಇದ್ದರು.

ಬಾಗಿಲ ಬಳಿ ಸ್ಟೀಲಿನ ಕೊಡವಿತ್ತು, ಅರ್ಧ ನೀರು. ಎತ್ತಿ ಅವನ ತಲೆಗೆ ಹೊಡೆದೆ. ಕೊಡ ತಗ್ಗಾಗುವ ಸದ್ದು ಕೇಳಿತು. ಅವನು ಮೊಣಕಾಲೂರಿದ. ಇನ್ನೊಂದು ಹೊಡೆದೆ, ಭುಜಕ್ಕೆ ಬಿತ್ತು. ಹುಬ್ಬಿನ ಮೇಲಿನ ಚರ್ಮ ಒಡೆದು ರಕ್ತ ಅವನ ಕಣ್ಣಿಗೆ ಇಳಿಯಿತು. ನನಗೆ ಖುಷಿಯಾಯಿತು. ಎಂಥ ಖುಷಿ ಎಂದರೆ ಮೈಯೆಲ್ಲ ಹಗುರ, ಬಾಯಲ್ಲಿ ನೀರು. ಅಪ್ಪ ಯಾಕೆ ನಿಲ್ಲಿಸುತ್ತಿರಲಿಲ್ಲ ಎಂಬುದು ಆ ಕ್ಷಣಕ್ಕೆ ಅರ್ಥವಾಯಿತು. ಮೂರನೆಯದಕ್ಕೆ ಕೊಡ ಎತ್ತಿದಾಗ ಅತ್ತೆ ಬಂದು ಮಣಿಕಟ್ಟು ಹಿಡಿದರು.

"ಸಾಕ್ ಬಿಡು. ಸಾಯ್ತಾನ. ಇಕೀನ ದವಾಖಾನಿಗಿ ಒಯ್ಯು ಮೊದಲ."

ದವಾಖಾನೆಯಲ್ಲಿ ನೆಗೆಣ್ಣಿಯ ಕೈಗೆ ಪ್ಲಾಸ್ಟರ್ ಹಾಕಿದರು, ಕಿವಿಗೆ ಹೊಲಿಗೆ. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಠಾಣೆಯ ಮಾತು ಆಮೇಲೆ, ಮೊದಲು ಅವಳ ತವರಿನವರು ಬರಲಿ ಎಂದು ನನ್ನ ಗಂಡ ಅಂದರು. ತವರಿನವರು ಬಂದರು. ಬಂದ ಅವಳ ದೊಡ್ಡಪ್ಪ, ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದರು. ಭಾನುವಾರ ಬೆಳಿಗ್ಗೆ ಜಮಖಾನ ಹಾಸಿದೆವು.

ಅಫಜಲಪುರದ ದೊಡ್ಡಪ್ಪ, ನಮ್ಮ ಕಡೆಯ ಮೂವರು ಹಿರಿಯರು, ನನ್ನ ಗಂಡ, ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡ ಭಾವ. ಅತ್ತೆ ಮನೆಯ ಹಿರಿಯರಾದ್ದರಿಂದ ಪಡಸಾಲೆಯಲ್ಲೇ, ತಮ್ಮ ಕಂಬದ ಹತ್ತಿರ. ನಾನು ಮತ್ತು ನೆಗೆಣ್ಣಿ ಒಳಬಾಗಿಲಲ್ಲಿ. ಅವಳನ್ನು ತಿರುಗಿ ಅದೇ ಕೋಣೆಗೆ ಕಳಿಸುತ್ತಾರೋ ಇಲ್ಲವೋ ಎಂಬುದೇ ಅವತ್ತಿನ ಪ್ರಶ್ನೆ. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ನಮ್ಮ ಕಡೆಯ ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡು ಹೇಳಿದರು:

"ನೋಡ್ರಿ, ಇಂವ ಕೈ ಮಾಡಿದ್ದು ತಪ್ಪ ಅದ. ಆದ್ರ ಸಣ್ಣ ಸೊಸಿನೂ ಕೈ ಮಾಡ್ಯಾಳ, ಅದೂ ಭಾವನ ಮ್ಯಾಲ. ಅಕೀ ಕೈ ಮುರದದ, ಇಂವನ ಹಣಿ ಒಡದದ. ಸರಿಗಿ ಸರಿ ಆತು. ಇಲ್ಲಿಗಿ ಬಿಡೂಣು. ಚಾ ತರ್ಸ್ರಿ."

ನಾನು ಆ ಖುಷಿಯಲ್ಲಿ ಹೊಡೆದ ಎರಡು ಏಟನ್ನು ಇವರು ತಕ್ಕಡಿಯ ಇನ್ನೊಂದು ಕಡೆ ಇಟ್ಟು ಅವನನ್ನು ಬಿಡಿಸಿಬಿಟ್ಟಿದ್ದರು. ನೆಗೆಣ್ಣಿ ನನ್ನನ್ನು ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಎದ್ದು ಅಡುಗೆಮನೆಗೆ ನಡೆದಳು, ಚಹಾಕ್ಕಿಡಲು. ನಾನು ಅವಳನ್ನು ಕೂರಿಸಿ ನಾನೇ ಮಾಡಿದೆ. ಸಕ್ಕರೆ ಅರ್ಧ ಒಲೆಯ ಮೇಲೆ ಚೆಲ್ಲಿತು.

ತಟ್ಟೆ ಹಿಡಿದು ಪಡಸಾಲೆಗೆ ಬಂದು, ಪದ್ಧತಿಯಂತೆ ಮೊದಲು ಅತ್ತೆಯ ಮುಂದೆ ಬಗ್ಗಿದೆ. ಎಲ್ಲರೂ ಅವರ ಕಡೆ ನೋಡುತ್ತಿದ್ದರು. ಅತ್ತೆ ಕಪ್ಪನ್ನು ನೋಡಿದರು. ಮಗನನ್ನು ನೋಡಿದರು. ತಲೆಯಾಡಿಸಿದರು.

"ಚಾ ಒಲ್ಲೆ ನಾ."

"ಯಾಕಬೇ ಯವ್ವಾ, ಹೊಟ್ಟಿ ಸರಿ ಇಲ್ಲೇನು?" ಎಂದ ಭಾವ, ನಗುತ್ತಲೇ.

ಅತ್ತೆ ಕಂಬ ಹಿಡಿದು ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ದನಿ ಏರಿಸಲಿಲ್ಲ.

"ಅವತ್ತ ನಾ ಇಲ್ಲೇ ಕೂತಿದ್ದೆ. ಮೊದಲನೇದು ಬೆನ್ನಿಗಿ ಬಿತ್ತು. ಎರಡನೇದೂ ಬೆನ್ನಿಗೇ. ಅಕೀ ತಲಿಗಿ ಕೈ ಅಡ್ಡ ಹಿಡದ್ಲು, ಮೂರನೇದಕ್ಕ ಕೈ ಮುರೀತು. ಸದ್ದು ನನಗ ಕೇಳ್ತು. ಮುರದ ಮ್ಯಾಲ ಒಂಬತ್ತು ಹೊಡದಾನ. ಕಿವ್ಯಾಗಿಂದು ಕೈಲೆ ಹರದಾನ. ಎಣಿಸೀನಿ ನಾ. ಸಣ್ಣ ಸೊಸಿ ಕೈ ಮಾಡಿದ್ದು ಆಮ್ಯಾಲ. ಸರಿಗಿ ಸರಿ ಹೆಂಗ್ ಆತ್ರಿ?"

ಅವರು ಮುಂದುವರಿಸಿದರು: "ಇದ ಮಾತು ಠಾಣೇದಾಗ ಹೇಳ್ತೀನಿ. ನನ್ನ ಕಣ್ಣಿಲೆ ನೋಡಿದ್ದು. ಚಾ ಕುಡದ್ರ ಹೇಳ್ಲಿಕ್ಕ ಬರಂಗಿಲ್ಲ, ಅದಕ್ಕ ಒಲ್ಲೆ."

ಭಾವ ಎದ್ದು ಬಂದ. ನನ್ನ ಕೈಯ ತಟ್ಟೆಗೆ ಒದ್ದ. ಕುದಿಯುವ ಚಹಾ ಅತ್ತೆಯ ಪಾದದ ಮೇಲೆ, ನನ್ನ ಸೀರೆಯ ಮೇಲೆ. ಆಮೇಲೆ ಅವನು ಹೆತ್ತವಳ ಕೆನ್ನೆಗೆ ಹೊಡೆದ. ಅತ್ತೆಯ ತಲೆ ಕಂಬಕ್ಕೆ ತಾಗಿತು, ಹಣೆಯ ವಿಭೂತಿ ಅಳಿಸಿತು. ಒಂದೇ ಒಂದು ಏಟು.

ಜಮಖಾನದ ಮೇಲಿದ್ದವರೆಲ್ಲ ಒಮ್ಮೆಗೇ ಎದ್ದರು. ಅಫಜಲಪುರದ ದೊಡ್ಡಪ್ಪ ಭಾವನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿದರು. ನನ್ನ ಗಂಡ, ಜೋರು ದನಿಗೆ ಹೊರಗೆ ಹೋಗುವ ನನ್ನ ಗಂಡ, ಅಣ್ಣನ ಎದೆಗೆ ಗುದ್ದಿದರು. "ತಾಯಿ ಮ್ಯಾಲ ಕೈ ಮಾಡ್ತೀ ಏನಲೇ ಸೂಳೇಮಗನ" ಎಂದು ಹಿರಿಯರೊಬ್ಬರು ಚಪ್ಪಲಿಗೆ ಕೈ ಹಾಕಿದರು. ನನ್ನ ಕೈಯೂ ಎದ್ದಿತ್ತು. ಈ ಸಲ ಅದನ್ನು ನಾನೇ ಇನ್ನೊಂದು ಕೈಯಿಂದ ಹಿಡಿದುಕೊಂಡೆ.

ಅತ್ತೆ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಯಾಕ್ ಎದ್ರಿ?" ಎಂದರು. "ಕೂಡ್ರಿ. ಹನ್ನೆರಡು ಏಟಿಂದು ಕೇಳಿ ಕೂತಿದ್ರಿ ಚಾ ಕುಡೀಲಿಕ್ಕ. ನನಗ ಒಂದ ಬಿದ್ದದ. ಕೂಡ್ರಿ."

ಒಬ್ಬರೂ ಕೂರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ನಡಿಯವ್ವಾ, ಅಕೀನೂ ಕರ್ಕೋ" ಎಂದು ಚಪ್ಪಲಿಗೆ ಕಾಲು ಹಾಕಿದರು. ಸುಟ್ಟ ಪಾದ, ಚಪ್ಪಲಿ ಏರಲಿಲ್ಲ. ಬರಿಗಾಲಲ್ಲೇ ಠಾಣೆಗೆ ಬಂದರು. ಅವರು ಹೇಳಿದ್ದನ್ನು ಪೊಲೀಸರು ಬರೆದುಕೊಂಡು ಓದಿ ಹೇಳಿದರು. ಅತ್ತೆ ಒಂದು ಕಡೆ ತಡೆದು, ಮುರಿದ ಮೇಲೆ ಒಂಬತ್ತು ಎಂಬುದು ಬಿಟ್ಟುಹೋಗಿದೆ ಎಂದು ಅದನ್ನೂ ಬರೆಸಿ, ಹೆಬ್ಬೆರಳು ಒತ್ತಿದರು. ಅಲ್ಲಿಯೂ ಯಾರೋ ಚಹಾ ತರಿಸಿದರು. ನಾನೂ ನೆಗೆಣ್ಣಿಯೂ ಕುಡಿದೆವು. ಅತ್ತೆ ಕುಡಿಯಲಿಲ್ಲ.

ಭಾವನನ್ನು ಹಿಡಿದುಕೊಂಡು ಹೋದರು. ಆಮೇಲೆ ಜಾಮೀನು ಸಿಕ್ಕಿತು, ಈಗ ಹೊಲದ ಮನೆಯಲ್ಲೇ ಇದ್ದಾನೆ, ಈ ಬಾಗಿಲಿಗೆ ಬರುವುದಿಲ್ಲ. ಕೇಸು ನಡೆಯುತ್ತಿದೆ. ನೆಗೆಣ್ಣಿ ಅಫಜಲಪುರದಲ್ಲಿದ್ದಾಳೆ. ಎಡಗೈ ಪೂರ್ತಿ ನೀಳವಾಗುವುದಿಲ್ಲ, ಒಂದೇ ಕೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತಿದ್ದಾಳೆ. ಫೋನಿನಲ್ಲಿ ಅತ್ತೆಯ ಜೊತೆ ಮಾತಾಡುವಾಗ ಹಿಂದಿನಿಂದ ರೊಟ್ಟಿಯ ಸದ್ದು ಕೇಳುತ್ತದೆ.

ಒಂದು ದಿನ ತಡೆಯಲಾಗದೆ ಅತ್ತೆಗೆ ನಿಜ ಹೇಳಿಬಿಟ್ಟೆ.

"ಅತ್ತೀ, ಆ ಕೊಡಿ ಸಿನಿಮಾದಾಗ ಇನ್‌ಸ್ಪೆಕ್ಟರ್ ಹಂಗೇನೂ ಅಂದಿದ್ದಿಲ್ರಿ. ಆಗಲೇ ಕುಡದು ಬಂದೀನಿ ಅಂದಿದ್ದ. ನಾ ಸುಳ್ಳ ಹೇಳಿದ್ದೆ."

ಅತ್ತೆ ಬೇಳೆಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಒಗೆದರು. "ಅಂವ ಕುಡದು ಬಂದಿದ್ರ ಬಂದಿದ್ದ ಬಿಡು," ಎಂದರು. "ಅವತ್ತ ನಾ ಎಲ್ಲಿ ಕುಡದಿದ್ದೆ?"

ಆ ಗಲಾಟೆಯಾದ ಮೇಲೆ ಬಹಳ ವಾರ ಟಿವಿ ಹಚ್ಚಿರಲಿಲ್ಲ. ಹೋದ ತಿಂಗಳು ಒಂದು ಶನಿವಾರ ಅವರೇ ಕೇಳಿದರು, ಹಾಕಿದೆ. ಕೋರ್ಟಿನ ಚಿತ್ರ. ಹೆಂಡತಿಗೆ ವಿಷ ಹಾಕಿದವನು ಕಟಕಟೆಯಲ್ಲಿ. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು. ನಡುನಡುವೆ ಕ್ಯಾಮೆರಾ ಜನ ಕೂತ ಮೇಲಿನ ಸಾಲಿಗೆ ಹೋಗುತ್ತಿತ್ತು. ಅಲ್ಲಿ ಒಬ್ಬ ಮುದುಕಿ, ಕರಿ ಟೋಪಿ, ಮಡಿಲಲ್ಲಿ ಕೈಚೀಲ, ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿದು ಕೂತವಳು. ಕಟಕಟೆಯವನ ತಾಯಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅವತ್ತು ಅತ್ತೆ, ಇಂವಗ ಫಾಸಿ ಆಗ್ತದಿಲ್ಲೋ ಎಂದು ಕೇಳಲೇ ಇಲ್ಲ. ನಾನು ಆ ಪ್ರಶ್ನೆಗೆ ಕಾಯುತ್ತಲೇ ಇದ್ದೆ. ಕೊನೆಗೆ ನ್ಯಾಯಾಧೀಶನ ಹಿಂದೆ ನಿಂತವನು ಕರಿಬಟ್ಟೆ ಎತ್ತಿಕೊಂಡ. ಅತ್ತೆ ಕೈ ಮುಂದೆ ಮಾಡಿದರು.

"ಬಂದ್ ಮಾಡು."

ನಿಲ್ಲಿಸಿದೆ. ಪರದೆಯ ಮೇಲೆ ಆ ಬಟ್ಟೆ ಅರ್ಧ ದಾರಿಯಲ್ಲಿ ನಿಂತಿತು.

"ಆ ಮುದುಕಿ ಏನ್ ಮಾಡ್ತಾಳ ಆಮ್ಯಾಲ?" ಎಂದು ಕೇಳಿದರು. "ಮನಿಗಿ ಹೋಗಿ?"

ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದೆ. ಅವರು ಎದ್ದು ಒಳಗೆ ಹೋದ ಮೇಲೆ ಸದ್ದು ತೆಗೆದು ಕೊನೆಯವರೆಗೆ ಓಡಿಸಿದೆ. ಜೈಲು ಬಂತು, ಪಾದ್ರಿ ಬಂದ, ಮುಂಜಾವಿನ ಗಡಿಯಾರ ಬಂತು, ಪೊಲೀಸರು ಕೋಟು ಹಾಕಿಕೊಂಡು ಮಳೆಯಲ್ಲಿ ಹೊರಟರು. ಮುದುಕಿ ಬರಲಿಲ್ಲ. ಅಡುಗೆಮನೆಗೆ ಹೋಗಿ, ಆಕೆಯನ್ನು ಮತ್ತೆ ತೋರಿಸುವುದಿಲ್ಲ ಎಂದು ಅತ್ತೆಗೆ ಹೇಳಿದೆ. ಅವರು ಒಲೆಯ ಮುಂದೆ ನನಗೆ ಬೆನ್ನು ಮಾಡಿ ಕೂತಿದ್ದರು. ಪಕ್ಕದಲ್ಲಿ ಬುತ್ತಿಯ ಡಬ್ಬಿ, ಹೊಲದ ಮನೆಗೆ ಕಳಿಸಲು ಕಟ್ಟುತ್ತಿದ್ದದ್ದು. ಐದು ರೊಟ್ಟಿ ಇಟ್ಟು, ಮುಚ್ಚಳ ಹಾಕಿ, ಮತ್ತೆ ತೆಗೆದು ಇನ್ನೊಂದು ಇಟ್ಟರು.